ಹುಬ್ಬಿಗೆ ಹಚ್ಚಿದ ಅರಿಶಿಣ

ನನ್ನ ನಾದಿನಿಗೆ ಹುಬ್ಬಿಲ್ಲ. ಸಾಲಿಗೆ ಹೋಗೂ ವಯಸ್ಸಿನ್ಯಾಗ ಏನೋ ಚರ್ಮದ ಬ್ಯಾನಿ ಬಂದು ಉದುರಿ ಹೋದ್ವು, ಮತ್ತ ಬರಲಿಲ್ಲ. ದಿನಾ ಮುಂಜಾನೆ ಕನ್ನಡಿ ಮುಂದ ಕುಂತು ಪೆನ್ಸಿಲ್‌ಲೆ ಬರ್ಕೋತಿದ್ದಳು. ಇಳಕಲ್ಲಿನ ಬಿಸಲಿಗೆ ಮಧ್ಯಾಹ್ನ ಅನ್ನೂದರಾಗ ಒಂದು ಹುಬ್ಬು ಬೆವರಿನ ಕೂಡ ಕಪಾಳಕ್ಕ ಇಳೀತಿತ್ತು. ನಾ ನೋಡಿದ್ರೂ ಒರಸ್ಕೋ ಅಂತ ಹೇಳ್ತಿರಲಿಲ್ಲ. ಹಂಗ ಓಣ್ಯಾಗ ಅಡ್ಡಾಡಿ ಬರಲಿ ಅಂತ ಬಿಡ್ತಿದ್ದೆ.

ಸಿಟ್ಟಿಗೆ ಕಾರಣ ಇತ್ತು. ನಾ ಸೊಸಿಯಾಗಿ ಬಂದ ದಿನ, ಆರತಿ ಹಿಡದು ನಿಂತ ಹೆಂಗಸರ ಮುಂದ ಆಕಿ ನನ್ನ ಕರೀ ಮೈಬಣ್ಣ ನೋಡಿ, "ಅವ್ವಾ, ಅಣ್ಣಗ ಹೆಣ್ಣ ತಂದಿಯೋ, ರೊಟ್ಟಿ ಹಂಚು ತಂದಿಯೋ" ಅಂದಿದ್ದಳು. ಎಲ್ಲಾರೂ ನಕ್ರು. ನನ್ನ ಗಂಡನೂ ನಕ್ಕ. ಗಂಡನ ನಗು ನಾ ಯಾವಾಗೋ ಮರ್ತೆ, ಆಕಿ ಮಾತು ಮರೀಲಿಲ್ಲ.

ಮುಂದ ಆಕಿಗೆ ಮೂವತ್ತು ದಾಟಿತು. ಎರಡು ಮನಿಯವರು ನೋಡಾಕ ಬಂದು ಚಹಾ ಕುಡದು ಎದ್ದು ಹೋದ್ರು. ಮೂರನೇದವರು ಕೆರೂರಿನವರು, ಛಲೋ ಮನಿತನ, ಹುಡುಗಗ ಸರಕಾರಿ ನೌಕರಿ. ತಿಂಗಳದಾಗ ಬರ್ತೇವಿ ಅಂದ್ರು. ಇದೂ ತಪ್ಪಿದ್ರ ಮುಗೀತು ಅನ್ನೂದು ಆಕಿಗೆ ಯಾರೂ ಹೇಳೂದು ಬೇಕಾಗಿರಲಿಲ್ಲ. ಬಾಗಲಕೋಟ್ಯಾಗ ಒಂದು ಪಾರ್ಲರದಾಗ ಕಾಯಂ ಹುಬ್ಬು ಹಾಕ್ತಾರಂತ ತಾನ ಹುಡುಕಿ ತಗದ್ಲು. ಆಕಿ, ನಮ್ಮತ್ತಿ, ನಾ, ಮೂವರೂ ಮುಂಜಾನಿ ಬಸ್ಸಿಗೆ ಹುನಗುಂದ, ಕಮತಗಿ ಮ್ಯಾಲ ಹಾಯ್ದು ಹೋದ್ವಿ.

ಪಾರ್ಲರಿನ ಹೆಣ್ಣಮಗಳು ದಾರ ಹಿಡದು ಅಳತಿ ತಗೊಂಡ್ಲು, ಹುಬ್ಬು ಬರದ್ಲು, ಮರಗಟ್ಟೂ ಮುಲಾಮು ಹಚ್ಚಿ ಅರ್ಧ ತಾಸು ಮಲಗಿಸಿದ್ಲು. ಆಮ್ಯಾಲ ಸಣ್ಣ ಸೂಜಿ ಸಾಲಿನ ಹಿಡಕಿ ತಗೊಂಡು ಒಂದೊಂದ ಕೂದಲ ಗೆರಿ ಕೊರಿಯಾಕ ಹತ್ತಿದ್ಲು. ಮುಲಾಮು ಹಚ್ಚಿದ್ರೂ ಉರಿ ತಪ್ಪೂದಿಲ್ಲ. ನಾದಿನಿ ಕಣ್ಣ ಮುಚ್ಚಿ, "ವೈನಿ, ನನ್ನ ಕೈ ಹಿಡಕೋರಿ" ಅಂದ್ಲು. ಹಿಡಕೊಂಡೆ. ಆಕಿ ಉಗುರು ನನ್ನ ಅಂಗೈಗೆ ನಟ್ಟಂಗೆಲ್ಲಾ, ಸುಳ್ಳ ಯಾಕ ಹೇಳಲಿ, ನನಗ ಹಿತ ಅನಿಸ್ತು.

"ಕಾಯಂ ಅಂದ್ರ ಎಷ್ಟ ವರ್ಷ ಇರತೈತಿ" ಅಂತ ಅತ್ತಿ ಕೇಳಿದ್ರು. ಎರಡು ವರ್ಷ ಅಂದ್ಲು ಪಾರ್ಲರಿನಾಕಿ. ಅತ್ತಿ ತಮ್ಮ ಮುಂಗೈ ಮ್ಯಾಲಿನ ಹಸರ ಹಚ್ಚಿಬೊಟ್ಟು ತೋರಿಸಿ, "ಸಣ್ಣಾಕಿದ್ದಾಗ ನಮ್ಮವ್ವ ಹಾಕಿಸಿದ್ದು ನೋಡವಾ. ಇದು ಕಾಯಂ" ಅಂದ್ರು.

ಹೊರಡೂ ಮುಂದ ಪಾರ್ಲರಿನಾಕಿ ನನ್ನ ಬ್ಯಾರೆ ಕರದ್ಲು. ನಾದಿನಿ ಕಣ್ಣಾಗ ನೀರು ನಿಲ್ಲುವಲ್ವು, ಅತ್ತಿಗೆ ಓದು ಬರಹ ಇಲ್ಲ, ಅದಕ್ಕ ಹೇಳೂದೆಲ್ಲಾ ನನಗೊಬ್ಬಾಕಿಗೇ ಹೇಳಿದ್ಲು. ಮೊದಲ ದಿನ ಇದ್ದಲಿಯಂಗ ಕರ್ರಗ ಕಾಣತೈತಿ, ಅಂಜಬ್ಯಾಡ್ರಿ. ಐದನೇ ದಿನಕ್ಕ ಹಕ್ಕಳಿ ಏಳತೈತಿ, ಕೆರಕೋಬಾರದು. ಬಣ್ಣ ಹೋತು ಅನಿಸತೈತಿ, ತಿಂಗಳದಾಗ ತಿರುಗಿ ಬರತೈತಿ. ಹತ್ತು ದಿನ ನೀರು ಸೋಕಿಸಬಾರದು, ಎಣ್ಣಿ ಬ್ಯಾಡ, ಅರಿಶಿಣ ಅಂತೂ ಬ್ಯಾಡೇ ಬ್ಯಾಡ. "ನೀವ ನೋಡ್ಕೋಬೇಕ್ರಿ" ಅಂದ್ಲು. ಹೂಂ ಅಂದೆ.

ಮರುದಿನ ಮುಂಜಾನೆ ಅತ್ತಿ ಬಟ್ಟಲದಾಗ ಎಣ್ಣಿ, ಅರಿಶಿಣ ಕಲಸಿಕೊಂಡು ಬಂದ್ರು. ಹಚ್ಚಿಬೊಟ್ಟು ಹಾಕಿಸಿದ ಗಾಯಕ್ಕ ಅವರವ್ವ ಅದನ್ನ ಹಚ್ಚಿದ್ಲಂತ. ನಾದಿನಿ ಹಾಸಿಗ್ಯಾಗ, ಕಣ್ಣ ಬಾತು ಮುಚ್ಚಿದ್ವು. "ವೈನಿ, ಆಕಿ ಏನ ಹೇಳ್ಯಾಳ? ಹಚ್ಚಬಹುದೇನ್ರಿ?" ಅಂದ್ಲು.

ಒಂದ ಮಾತು ಸಾಕಿತ್ತು. ನಾ ಅತ್ತಿ ಕಡೆ ನೋಡಿ, "ಹಚ್ಚರಿ, ಏನಾಗೂದಿಲ್ಲ" ಅಂದೆ.

ಹತ್ತು ದಿನ ಹಚ್ಚಿದ್ರು. ಅತ್ತಿ ಕೈ ಭಾಳ ಮೆತ್ತಗ, ಕೂಸಿಗೆ ಹಚ್ಚಿದಂಗ ಹಚ್ತಿದ್ರು. ನಾಕನೇ ದಿನಕ್ಕ ಕೀವು ಆತು, ಅರಿಶಿಣಕ್ಕ ಮಾಯತೈತಿ ಅಂತ ಅತ್ತಿ ಬಿಡಲಿಲ್ಲ. ಹಕ್ಕಳಿ ಅಗಲಾಗಿ ಎದ್ದು, ಬಣ್ಣಾನೂ ಕಿತಗೊಂಡು ಬಂತು. ಎಡಗಡೆ ಅರ್ಧ ಕೆಂಪು ಗೆರಿ ಉಳೀತು, ಬಲಗಡೆ ಬರೇ ಗಾಯದ ಕಲಿ. ಪೆನ್ಸಿಲ್ ಹಚ್ಚಿದ್ರ ಉರಿ. ಕೆರೂರಿನವರು ಬಂದ್ರು, ಹುಡುಗನ ತಾಯಿ ಆಕಿ ಮುಖ ಒಮ್ಮೆ ನೋಡಿದಾಕಿ ಮತ್ತ ನೋಡಲಿಲ್ಲ. ಚುರಮರಿ ಸುಸಲಾದ ತಾಟು ಹಂಗ ಇಟ್ಟು, ಫೋನ್ ಮಾಡ್ತೇವಿ ಅಂತ ಹೇಳಿ ಹೋದ್ರು. ಮಾಡಲಿಲ್ಲ.

ಅತ್ತಿ ಜಗಳಕ್ಕ ನಿಂತು ನಮ್ಮನ್ನ ತಿರುಗಿ ಬಾಗಲಕೋಟಿಗೆ ಎಳಕೊಂಡು ಹೋದ್ರು. ನನ್ನ ಮಗಳ ಮುಖ ಕೆಡಿಸಿದಿ ಅಂತ ಪಾರ್ಲರದಾಗ ಬಾಯಿಗೆ ಬಂದಂಗ ಬೈದ್ರು. ಪಾರ್ಲರಿನಾಕಿ ಗಾಯ ನೋಡಿ, "ಏನ ಹಚ್ಚಿದ್ರಿ ಇದಕ್ಕ?" ಅಂದ್ಲು.

"ಎಣ್ಣಿ, ಅರಿಶಿಣ. ದಿನಾ ನನ್ನ ಕೈಲೆ ಹಚ್ಚೇನಿ."

"ಹಚ್ಚಬ್ಯಾಡ್ರಿ ಅಂತ ಈ ಅಕ್ಕಾರಿಗೆ ಹೇಳಿದ್ನಲ್ರಿ."

ಹೇಳಿಲ್ಲ ಅನ್ನಬೇಕಂತ ಬಾಯಿ ತಗದೆ. ಪಾರ್ಲರಿನಾಕಿ ನನ್ನ ಮುಖಾನ ನೋಡಾಕತ್ತಿದ್ಲು. "ಹೇಳಿದ್ರು" ಅಂದೆ.

ಅತ್ತಿ ನನಗ ಬೈಲಿಲ್ಲ. ತಮ್ಮ ಬಲಗೈ ತಿರುವಿ ತಿರುವಿ ನೋಡಿಕೊಂಡ್ರು. ಆಮ್ಯಾಲ ಆ ಕೈ ಸೆರಗಿನ್ಯಾಗ ಮುಚ್ಚಿಕೊಂಡು ಅಲ್ಲೇ ನೆಲಕ್ಕ ಕುಂತ್ರು.

ಪಾರ್ಲರಿನಾಕಿಗೆ ಕನಿಕರ ಬಂತು. ಗಾಯ ಮಾಯಲಿ, ಆರು ತಿಂಗಳ ಬಿಟ್ಟು ಬರ್ರಿ, ಪುಕ್ಕಟ ಸರಿ ಮಾಡಿ ಕೊಡ್ತೇನಿ ಅಂದ್ಲು. ನಾದಿನಿ ಅವ್ವನ್ನ ಎಬ್ಬಿಸಿ ನಿಲ್ಲಿಸಿದ್ಲು.

"ಬ್ಯಾಡ್ರಿ, ಹಿಂಗ ಇರಲಿ" ಅಂದ್ಲು. "ನಮ್ಮ ವೈನಿ ದಿನಾ ನೋಡಬೇಕಲ್ಲ."

ಅವತ್ತಿನಿಂದ ಆಕಿ ಪೆನ್ಸಿಲ್ ಮುಟ್ಟಿಲ್ಲ. ದಿನಾ ನಾ ಉಣ್ಣಾಕ ಕುಂತ ಕೂಡಲೆ ಎದುರಿಗೆ ಬಂದು ಕುಂದರತಾಳ, ಕೂದಲ ಹಿಂದಕ್ಕ ಸರಿಸಿ ಹಣಿ ಬಯಲು ಮಾಡತಾಳ. ನಾ ಉಂಡು ಏಳೂತನಾ ಏಳೂದಿಲ್ಲ.