ಬಾಗಿಲಿಂದ ಬಾಗಿಲಿಗೆ ಒಂದು ಕಟ್

ಸಿನಿಮಾ ತರಗತಿಗೆ ಸೇರಿದ ಮೇಲೆ ನನ್ನ ಕನಸುಗಳು ಕೆಟ್ಟುಹೋಗಿವೆ. ಮೊದಲೆಲ್ಲ ಕನಸಿನಲ್ಲಿ ಮೋರಖಂಡಿಯ ಹೊಲದ ಬದುವಿನ ಮೇಲೆ ನಡೆಯುತ್ತಿದ್ದವಳು ಕಣ್ಣು ಮಿಟುಕಿಸುವಷ್ಟರಲ್ಲಿ ಶಾಲೆಯ ಸ್ಟಾಫ್ ರೂಮಿಗೆ ಬಂದಿದ್ದರೂ ಏನೂ ಅನ್ನಿಸುತ್ತಿರಲಿಲ್ಲ. ಈಗ ನಿದ್ದೆಯಲ್ಲೇ ತಕರಾರು ಶುರುವಾಗುತ್ತದೆ: ಬದುವಿನ ಮೇಲೆ ಬರಿಗಾಲಲ್ಲಿದ್ದೆ, ಇಲ್ಲಿ ಚಪ್ಪಲಿ ಎಲ್ಲಿಂದ ಬಂತು? ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಹೆಂಗಸಿಗೆ ಕೂದಲು ನೆರೆಯುವ ಕಾಲಕ್ಕೆ ಇದೆಲ್ಲ ಬೇಕಿತ್ತೇ ಎಂದು ನೀವು ಕೇಳಬಹುದು. ಮನೆಯವರೂ ಕೇಳಿದರು.

ಬಸವಕಲ್ಯಾಣದಲ್ಲಿ ಭಾನುವಾರ ನಡೆಯುವ ತರಗತಿ ಅದು. ಸಹಪಾಠಿಗಳೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ದೂರದಿಂದ ತೆಗೆದರೆ ಊರು ಕಾಣುತ್ತದೆ, ಸೊಂಟದವರೆಗೆ ತೆಗೆದರೆ ಮನುಷ್ಯ, ಮುಖವೊಂದನ್ನೇ ತೆಗೆದರೆ ಮನಸ್ಸು ಎಂದು ಸರ್ ಮೊದಲ ದಿನವೇ ಹೇಳಿದರು. ಆಮೇಲೆ ನಾನು ಸಂತೆಯಲ್ಲಿ ಕಾಯಿಪಲ್ಲೆಯವಳ ಮುಖವನ್ನು ಕ್ಲೋಸಪ್ಪಿನಲ್ಲಿ ನೋಡುತ್ತ ನಿಂತು, "ಅಕ್ಕೋರ, ಬದನಿಕಾಯಿ ಬೇಕೇನ್ರಿ ಇಲ್ಲೇನ್ರಿ?" ಎಂದು ಅನ್ನಿಸಿಕೊಂಡಿದ್ದೂ ಆಯಿತು.

ನಿಜಕ್ಕೂ ಮರುಳು ಹಿಡಿಸಿದ್ದು ಕಟ್. ಈ ಬಾಗಿಲಿಂದ ಹೊರಗೆ ಹೋದವಳನ್ನು ಮುಂದಿನ ಶಾಟಿನಲ್ಲಿ ಇನ್ನೊಂದು ಬಾಗಿಲಿಂದ ಒಳಗೆ ಕರೆತಂದರೆ ಸಾಕು, ನಡುವಿನ ದಾರಿಯನ್ನು ನೋಡುವವರೇ ಮನಸ್ಸಿನಲ್ಲಿ ನಡೆದುಬಿಡುತ್ತಾರಂತೆ. ಉಟ್ಟ ಬಟ್ಟೆ, ಕೈಯಲ್ಲಿನ ಸಾಮಾನು, ಹೋಗುವ ದಿಕ್ಕು ಬದಲಾಗಬಾರದು, ಅಷ್ಟೆ. ಅದಕ್ಕೆ ಕಂಟಿನ್ಯೂಯಿಟಿ ಎನ್ನುತ್ತಾರೆ. ನಮ್ಮವರಿಗೆ ಇದೇನೂ ಹೊಸತಲ್ಲ. ದೊಡ್ಡಾಟದ ರಾಜ ರಂಗದ ಮೇಲೆ ಒಂದು ಸುತ್ತು ಹಾಕಿದನೆಂದರೆ ಅಡವಿ ದಾಟಿ ಪರದೇಶ ಮುಟ್ಟಿದ ಹಾಗೆಯೇ. ಪುರಾಣ ಹೇಳುವವರ 'ಇತ್ತ', 'ಅತ್ತ'ಗಳಿಗಿಂತ ಚುರುಕಾದ ಕತ್ತರಿ ಯಾವುದಿದೆ?

ತರಗತಿಯ ಕಿರುಚಿತ್ರಕ್ಕೆಂದು ನಾನು ಬರೆದ ಕತೆ ಅಂಗೈಯಗಲದ್ದು. ಮುದುಕಿಯೊಬ್ಬಳು ಸಣ್ಣ ಪಾತ್ರೆ ಹಿಡಿದು ಹಾಲಿಗೆ ಹೆಪ್ಪು ಕೇಳಲು ನೆರೆಮನೆಗೆ ಹೋಗುತ್ತಾಳೆ. ಮುದುಕಿಯ ಪಾತ್ರ ನನ್ನ ಅವ್ವನದು, ಅವಳು ಹೊರಡುವ ಮನೆ ಬಸವಕಲ್ಯಾಣದ ನಮ್ಮದೇ. ನೆರೆಮನೆಗೆಂದು ನಾನು ಆರಿಸಿದ್ದು ಮಾತ್ರ ಹುಮನಾಬಾದಿನಲ್ಲಿರುವ ಚಿಗವ್ವನ, ಅಂದರೆ ಅವ್ವನ ತಂಗಿಯ ಮನೆ. ಅಗಲವಾದ ಹಳೆಯ ಬಾಗಿಲು, ಗವಾಕ್ಷಿಯಿಂದ ಇಳಿಯುವ ಬಿಸಿಲು ಎಂದೆಲ್ಲ ಸರ್‌ಗೆ ವರ್ಣಿಸಿದೆ. ಬಾಗಿಲು ಬರೀ ನೆಪ. ಚಿಗವ್ವನ ಮಗನ ಮದುವೆಯಲ್ಲಿ ಬೀಗರಿಗೆಲ್ಲ ಆಯೇರಿ, ಅಂದರೆ ಉಡುಗೊರೆಯ ಸೀರೆ ಕೊಟ್ಟು ಮುಗಿದ ಮೇಲೆ ಸ್ವಂತ ಅಕ್ಕನ ನೆನಪಾಯಿತೆಂದು ಅವ್ವ ಸಿಟ್ಟಾಗಿ, "ಇನ್ನ ಈ ಮನಿ ನೀರ ಮುಟ್ಟಂಗಿಲ್ಲ" ಎಂದು ಎದ್ದು ಬಂದಿದ್ದಳು. ಆ ಮದುವೆಯ ಗಂಡಿನ ಮಕ್ಕಳು ಈಗ ಶಾಲೆಗೆ ಹೋಗುತ್ತಾರೆ. ಅಕ್ಕ ತಂಗಿ ಇಬ್ಬರೂ ಇನ್ನೊಬ್ಬಳ ಮಂಡಿನೋವನ್ನು ನನ್ನ ಹತ್ತಿರ ವಿಚಾರಿಸುತ್ತಾರೆ, ಫೋನ್ ಮಾತ್ರ ಮಾಡುವುದಿಲ್ಲ. ಒಬ್ಬಳು ಹೋಗಿ ಇನ್ನೊಬ್ಬಳು ಅಳುತ್ತ ಕೂರುವ ದಿನ ಬಂದುಬಿಟ್ಟರೆ ಎಂಬ ಹೆದರಿಕೆ ನನಗೆ.

"ಸಿನಿಮಾಕ್ಕಂತ ಹೊಸ್ತಿಲ ದಾಟ್ತೀನಿ. ನೀರ ಮಾತ್ರ ಮುಟ್ಟಂಗಿಲ್ಲ, ಮೊದಲ ಹೇಳೀನಿ," ಎಂದು ಅವ್ವ ಕರಾರು ಹಾಕಿಯೇ ಒಪ್ಪಿದಳು.

ಬೆಳಿಗ್ಗೆ ನಮ್ಮ ಮನೆಯಲ್ಲಿ ಚಿತ್ರೀಕರಣ. ಕ್ಯಾಮೆರಾ ಸಹಪಾಠಿ ನಸ್ರೀನಳ ಕೈಯಲ್ಲಿತ್ತು. ಅವ್ವ ಹೊಸ್ತಿಲು ದಾಟಿದಳು. "ಆಯಿ, ಇನ್ನೊಮ್ಮೆ ಬರ್ರಿ," ಎಂದಳು ನಸ್ರೀನ್. ಅವ್ವ ಒಳಗೆ ಬಂದವಳು ಕೂತು, ನೀರು ತರಿಸಿಕೊಂಡು ಕುಡಿದಳು. ಹೊರಟವರನ್ನು ಹಿಂದಿನಿಂದ ಕರೆದರೆ ಅಪಶಕುನ. ಬಂದು ಕೂತು ನೀರು ಕುಡಿದೇ ಮತ್ತೆ ಹೊರಡಬೇಕು.

"ಇದು ಸುಳ್ಳ ಹೋಗೂದು ಅವ್ವಾ," ಎಂದೆ.

"ಹೊಸ್ತಿಲ ಖರೇದ ಅದ ಅಲ್ಲಾ?" ಎಂದಳು.

ಶಾಟು ಕೆಟ್ಟಾಗಲೆಲ್ಲ ಇದೇ ಕತೆ. ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ರೂಢಿ ಅವಳದು. ಕಡೆಗೆ ಶಾಟು ಸರಿಬರುವ ಹೊತ್ತಿಗೆ ಎದೆಯ ಮೇಲಿನ ಸೆರಗು ತೊಯ್ದು ತೊಪ್ಪೆಯಾಗಿತ್ತು.

ಮಧ್ಯಾಹ್ನದ ಬಸ್ಸು ಹಿಡಿದೆವು. ಕಿಟಕಿಯ ಚೌಕಟ್ಟಿನಲ್ಲಿ ತೊಗರಿ ಹೊಲ, ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್, ಮತ್ತೆ ತೊಗರಿ. ಜೊಂಪಿನಲ್ಲಿದ್ದ ನನಗೆ ಬಸ್ಸು ನಿಂತಲ್ಲೇ ನಿಂತು, ಹೊಲಗಳೇ ಸದ್ದಿಲ್ಲದೆ ಆ ಮದುವೆಯ ದಿನದ ಕಡೆಗೆ ಹರಿದುಹೋಗುತ್ತಿರುವಂತೆ ತೋರಿತು. ಕಿಟಕಿಯ ಗಾಳಿಗೆ ಅವ್ವನ ಸೆರಗು ಒಣಗಿಬಿಟ್ಟಿತ್ತು. ಕಂಟಿನ್ಯೂಯಿಟಿ ಪಂಡಿತೆಯಾದ ನಾನು ಅದನ್ನು ಗಮನಿಸಲೇ ಇಲ್ಲ.

ನೆರೆಯವಳ ಪಾತ್ರ ಚಿಗವ್ವನದೇ. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ಅವ್ವ ಹೊಸ್ತಿಲು ದಾಟಿ ಒಳಗೆ ಬಂದಳು, ತಂಗಿಯನ್ನು ನೋಡುವ ಬದಲು ನೆಟ್ಟಗೆ ಕ್ಯಾಮೆರಾವನ್ನೇ ನೋಡಿದಳು. ಶಾಟು ಕೆಟ್ಟಿತು. ಮತ್ತೆ ಮೊದಲಿನಿಂದ ಮಾಡಲು ಹೊರಗೆ ಹೊರಟು ಹೊಸ್ತಿಲ ಮೇಲೆ ಕಾಲಿಟ್ಟಿದ್ದಾಳೆ, ಆಗ ಚಿಗವ್ವ ಹಿಂದಿನಿಂದ ಕರೆದಳು.

"ಅಕ್ಕಾ!"

ಬಾಯಿ ತಪ್ಪಿ ಕರೆದಳೋ ಬೇಕಂತಲೇ ಕರೆದಳೋ ನಾನು ಈವರೆಗೂ ಕೇಳಿಲ್ಲ. ಅವಳ ಕೈಯಲ್ಲಿ ಆಗಲೇ ನೀರಿನ ತಂಬಿಗೆ ಇದ್ದದ್ದು ಮಾತ್ರ ನಿಜ.

ಅವ್ವ ಹೊಸ್ತಿಲ ಮೇಲೆಯೇ ನಿಂತಳು. ನೀರು ಕುಡಿಯದೆ ಹೊರಗೆ ಹೋಗುವಂತಿಲ್ಲ, ಈ ಮನೆಯ ನೀರು ಮುಟ್ಟುವಂತಿಲ್ಲ. ಅವ್ವ ತಿರುಗಿದಳು, ನಿಧಾನಕ್ಕೆ ಬಂದು ಕೂತಳು. ತಂಬಿಗೆ ಇಸಿದುಕೊಂಡು ಗಟಗಟ ಕುಡಿದಳು. ಅರ್ಧ ನೀರು ಸೆರಗಿನ ಪಾಲಾಯಿತು.

"ನೀರ ಛಲೋ ತಣ್ಣಗ ಅವ," ಎಂದಳು.

"ಹೊಸ ಗಡಗಿ ಅದ ಅಕ್ಕಾ. ಚಾ ಇಡ್ತೀನಿ, ಕುಂದ್ರು."

ತಪ್ಪಾಯಿತು ಎಂದವರಿಲ್ಲ, ಅತ್ತವರಿಲ್ಲ. ಮಾತು ಹಿಂದಿನ ದಿನ ನಿಂತ ಜಾಗದಿಂದಲೇ ಮುಂದುವರಿದ ಹಾಗೆ ಮಂಡಿನೋವಿಗೆ ಹೋಯಿತು, ಅಲ್ಲಿಂದ ಸೊಸೆ ಮಾಡುವ ಸಾರಿನ ರುಚಿಗೆ. ಅಷ್ಟು ವರ್ಷಗಳನ್ನು ಎಲ್ಲಿ ಕತ್ತರಿಸಿ ಎಲ್ಲಿ ಜೋಡಿಸಿದರೋ, ಹೊಲಿಗೆಯೇ ಕಾಣಲಿಲ್ಲ. ಅತ್ತವಳು ನಾನೊಬ್ಬಳೇ.

ಚಹಾ ಕುದಿಯುವಷ್ಟರಲ್ಲಿ ಶಾಟು ತೆಗೆದು ಮುಗಿಸಿದೆವು. ಎಡಿಟಿಂಗಿಗೆ ಕೂತಾಗ ನೋಡುತ್ತೇನೆ, ಅಲ್ಲೂ ಒದ್ದೆ ಸೆರಗು, ಇಲ್ಲೂ ಒದ್ದೆ ಸೆರಗು! ಇಂಥ ಸಣ್ಣ ವಿವರವನ್ನೂ ಬಿಡಲಿಲ್ಲವೆಂದು ಸರ್ ಹೊಗಳಿದರು. ನಾನು ಮರ್ಯಾದೆ ಬಿಟ್ಟು ಹೌದೆಂದು ತಲೆಯಾಡಿಸಿದೆ.

ಮೊನ್ನೆ ಅವ್ವನಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಬಸವಕಲ್ಯಾಣದ ಬಾಗಿಲು ದಾಟಿದವಳು ಮರುಕ್ಷಣ ಹುಮನಾಬಾದಿನ ಪಡಸಾಲೆಯಲ್ಲಿ ತಂಗಿಯ ಎದುರಿಗಿದ್ದಳು. "ಇನ್ನೊಮ್ಮೆ ತೋರ್ಸು," ಎಂದಳು. ತೋರಿಸಿದೆ. ನಡುವಿನ ದಾರಿಯನ್ನು ಹುಡುಕುವವಳಂತೆ ಪರದೆಯ ಹತ್ತಿರಕ್ಕೆ ಮುಖ ತಂದಳು. ನಾನು ಕಟ್ ಎಂದರೇನೆಂದು ಪಾಠ ಶುರುಮಾಡಿದೆ. ಅವಳಿಗೆ ಅದು ಕೇಳಿಸುತ್ತಿರಲಿಲ್ಲ.

"ಇಷ್ಟ ಹತ್ತರ ಇತ್ತೇನವಾ ಅಕಿ ಮನಿ?" ಎಂದಳು.