ಕರೆಂಟ್ ಇದೆಯೇ ಎಂದು ತಿಳಿಸುವ ವೆಬ್‌ಸೈಟ್

ನಮ್ಮೂರು ಹನಗೋಡಿನಲ್ಲಿ ಕರೆಂಟ್ ಇದೆಯೇ ಇಲ್ಲವೇ ಎಂದು ತೋರಿಸುವ ವೆಬ್‌ಸೈಟ್ ಮಾಡಿದ್ದೆನಲ್ಲ ಸ್ನೇಹಿತರೇ, ಇವತ್ತು ಅದು ಕೈಕೊಟ್ಟಿತು. ಹುಣಸೂರಿನಲ್ಲಿ ಅಂಗಡಿ ಇಟ್ಟಿರುವ ಮಾವ ಇಲ್ಲಿನ ಗದ್ದೆಯ ಮೋಟರ್ ಹಾಕಲು ಬಂದು, ಕರೆಂಟಿಲ್ಲದೆ ಸುಮ್ಮನೆ ವಾಪಸು ಹೋಗುವುದು ತಪ್ಪಲಿ ಎಂದು ಮಾಡಿದ್ದು. ಮಧ್ಯಾಹ್ನ ಅವರೇ ಫೋನ್ ಮಾಡಿದರು.

“ಏನ್ಲಾ, ನಿನ್ ವೆಬ್‌ಸೈಟ್ ಓಪನ್ನೇ ಆಯ್ತಿಲ್ಲ?”

ಅದನ್ನು ನಡೆಸುವ ಸರ್ವರ್ ಎಂದರೆ ನಮ್ಮ ಮನೆಯಲ್ಲಿರುವ ಹಳೇ ಕಂಪ್ಯೂಟರ್. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡು, ಒಂದೊಂದೇ ಪಾಠ ಕಲಿಯುತ್ತಾ ನಾನೇ ನಡೆಸುತ್ತಿದ್ದೇನೆ.

“ಇಲ್ಲಿ ಕರೆಂಟ್ ಇಲ್ಲ ಮಾವ, ಅದ್ಕೇ ಅದೂ ಆಫಾಗೋಯ್ತು. ಬ್ಯಾಟರಿ ಆಕ್ತೀನಿ,” ಎಂದೆ ನಾಚಿಕೊಂಡು.

“ಏನೂ ಆಕ್ಬ್ಯಾಡ ಬುಡ್ಲಾ. ಓಪನ್ ಆದ್ರೆ ಕರೆಂಟ್ ಅದೆ, ಆಗ್ದಿದ್ರೆ ಇಲ್ಲ. ಸರ್ಯಾಗೇ ಯೋಳ್ತದಲ್ಲ.”

ಸರ್ವರ್ ನಿಲ್ಲದಂತೆ ನೋಡಿಕೊಳ್ಳುವ ಪಾಠಕ್ಕೆ ಬಂದಿದ್ದೆ. ನನಗಿರುವ ಒಬ್ಬರೇ ಗಿರಾಕಿ ಅದನ್ನು ಕಲಿಯಬೇಡ ಎನ್ನುತ್ತಿದ್ದಾರೆ.