ಎಣಗಾಯಿ ಯಾರ ಕೈಯದು?

"ನೀವು ಬರೆದದ್ದು ಸುಳ್ಳೈತ್ರಿ ಸರ."

ತಟ್ಟೆಗೆ ಬಿಸಿ ರೊಟ್ಟಿ ಹಾಕುತ್ತಲೇ ಗಂಗವ್ವ ಹೀಗಂದರು. ಬನಹಟ್ಟಿಯ ಖಾನಾವಳಿ, ಮಧ್ಯಾಹ್ನದ ಊಟದ ಹೊತ್ತು. ಪಕ್ಕದವರೆಲ್ಲ ನನ್ನತ್ತ ತಿರುಗಿದರು. (ತುತ್ತು ಗಂಟಲಲ್ಲೇ ನಿಂತಿತು ಅಂತ ಬರೆಯಬಹುದು. ನಿಲ್ಲಲಿಲ್ಲ. ಎಣಗಾಯಿ, ಅದೇ ಮಸಾಲೆ ತುಂಬಿದ ಬದನೆಕಾಯಿ ಪಲ್ಯ, ಅಷ್ಟು ರುಚಿಯಾಗಿತ್ತು.)

ನನ್ನ ವೆಬ್‌ಸೈಟ್ ನಿಮಗೆ ಗೊತ್ತು. ಹದಿನಾಲ್ಕು ವರ್ಷದಿಂದ ಊರೂರು ತಿರುಗಿ ತಿಂದದ್ದನ್ನೆಲ್ಲ ಅಲ್ಲಿ ಬರೆದು ಹಾಕುತ್ತಿದ್ದೇನೆ. ಮುಧೋಳದ ಮಿರ್ಚಿ ಭಜಿ, ಬೀಳಗಿ ರಸ್ತೆಯ ಕಬ್ಬಿನ ಹಾಲು, ಎಲ್ಲವೂ ಇವೆ. ಡಿಸೈನ್ ಹಳೆಯದು. "ಪಪ್ಪಾ, ಇದನ್ನ ಮ್ಯೂಸಿಯಮ್ಮಿಗೆ ಕೊಟ್ಟುಬಿಡ್ರಿ" ಅನ್ನುತ್ತಾಳೆ ಮಗಳು. ಆದರೂ ಜನ ಓದುತ್ತಾರೆ. ಓದಿ, ಹುಡುಕಿಕೊಂಡು ಹೋಗುತ್ತಾರೆ.

ಮೊದಲ ವರ್ಷವೇ ಈ ಖಾನಾವಳಿ ಬಗ್ಗೆ ಬರೆದಿದ್ದೆ. ತಲೆಬರಹ: 'ಗಂಗವ್ವನ ಎಣಗಾಯಿ'. ಜೊತೆಗೆ ಸೌಟು ಹಿಡಿದ ಗಂಗವ್ವನ ಫೋಟೊ. ಹೊರಗೆ ಜಿಟಿಜಿಟಿ ಮಳೆ ಅಂತಲೂ ಸೇರಿಸಿದ್ದೆ.

"ಮಳಿ ಎಲ್ಲಿತ್ರಿ? ಉರಿ ಬಿಸಲಿತ್ತು. ಕೈಯಾಗ ಸೌಟ ಕೊಟ್ಟು ನಿಂದ್ರಿಸಿದವ್ರೂ ನೀವ. ನಾ ರೊಟ್ಟಿ ಬಡ್ಯಾಕಿ. ಪಲ್ಯ ನಮ್ಮಕ್ಕಂದು."

ಮಳೆಯ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಬಹುಶಃ ಅದು ಪಕ್ಕದ ಮನೆಯ ಮಗ್ಗ.

ಅಕ್ಕ ಅಂದರೆ ಶಾಂತವ್ವ, ಗಂಗವ್ವನ ಗಂಡನ ಅಣ್ಣನ ಹೆಂಡತಿ. ಇಲ್ಲಿ ರೊಟ್ಟಿ ಗಿರಾಕಿಯ ಕಣ್ಣೆದುರೇ ಬೇಯುತ್ತದೆ, ತಟ್ಟೆಗೆ ಬಿಸಿಯಾಗಿ ಬೀಳಬೇಕಲ್ಲ! ಪಲ್ಯ ಮಾತ್ರ ಮಗ್ಗದವರು ಊಟಕ್ಕೆ ಬರುವ ಮೊದಲೇ ಒಳಗೆ ಆಗಿರುತ್ತದೆ. ರೊಟ್ಟಿ ಬಡಿಯುವ ಕೈ ಎಲ್ಲರಿಗೂ ಕಾಣುತ್ತದೆ. ಪಲ್ಯ ಮಾಡಿದ ಕೈ? ನಾನು ಕೇಳಲೇ ಇಲ್ಲ.

"ಇಷ್ಟು ವರ್ಷ ಹೇಳಲಿಲ್ಲವಲ್ಲ?" ಅಂದೆ.

"ನೀವು ಮತ್ತ ಬಂದಿದ್ರ ಹೇಳ್ತಿದ್ದೆನಲ್ರಿ? ಫೋನ್ ನೋಡ್ಕೊಂತ ಬಂದವ್ರು ನನ್ನ ಹೊಗಳತಾರ. ನಂದಲ್ರಿ ಅಂದ್ರ, ದೊಡ್ಡ ಮನಸ್ಸು ಅಂತಾರ! ಅಕ್ಕನ ಮೊಣಕಾಲ ಹೋಗ್ಯಾವ. ಈ ತಿಂಗಳಾದ್ಮ್ಯಾಲ ಒಲಿ ಮುಂದ ಕೂಡೂದಿಲ್ಲ ಅಂದಾಳ. ಆಮ್ಯಾಲ ಪಲ್ಯ ಆಕೀದು ಅಂದ್ರ ಯಾರ ನಂಬ್ತಾರ? ಈಗ ತಿದ್ರಿ. ಆಕಿ ಮುಂದ."

ಒಳಗೆ ಹೋದೆ. ಶಾಂತವ್ವ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು.

"ಏ ಗಂಗಿ, ಬಿಡ ಬೇ. ಅವ್ರಿಗೆ ಉಣ್ಣಾಕರೆ ಬಿಡು."

ಮೊಬೈಲಿನಲ್ಲೇ ತಿದ್ದಿದೆ. ಹೆಸರು ಬದಲಿಸಿದೆ, ಸೌಟಿನ ಫೋಟೊ ಕಿತ್ತುಹಾಕಿದೆ, ಮಳೆ ಅಳಿಸಿದೆ. ಎರಡೇ ನಿಮಿಷ. ಆದರೆ ಕೆಳಗಿದ್ದ ಕಾಮೆಂಟುಗಳು? ಅವು ಓದುಗರವು. ನಾನು ಮುಟ್ಟುವಂತಿಲ್ಲ.

"ಅವನ್ನ ಓದಿ ಹೇಳ್ರಿ" ಅಂದರು ಬಾಗಿಲಲ್ಲಿ ನಿಂತ ಗಂಗವ್ವ.

ಗಂಗವ್ವ ಅಂತ ಇದ್ದಲ್ಲೆಲ್ಲ ಶಾಂತವ್ವ ಅಂತ ಓದುತ್ತಾ ಹೋದೆ. 'ಶಾಂತವ್ವನ ಎಣಗಾಯಿ ತಿನ್ನಲೆಂದೇ ಪುಣೆಯಿಂದ ಬಂದೆ.' 'ಜ್ವರ ಬಿಟ್ಟ ಮೇಲೆ ಬಾಯಿಗೆ ರುಚಿ ಹತ್ತಿದ್ದು ಶಾಂತವ್ವನ ಪಲ್ಯದಿಂದ.' 'ಗಣೇಶ ಚೌತಿಯ ಮರುದಿನ ಉಂಡ ರುಚಿ ಇನ್ನೂ ನಾಲಿಗೆ ಮೇಲಿದೆ.'

"ಅವತ್ತ ಉಪ್ಪ ಹೆಚ್ಚಾಗಿತ್ತು" ಅಂದರು ಶಾಂತವ್ವ.

ಹೊರಗೆ "ರೊಟ್ಟಿ ತರ್ರೀ!" ಅಂತ ಕೂಗು. ಗಂಗವ್ವ ಬಾಗಿಲು ಬಿಟ್ಟು ಕದಲಲಿಲ್ಲ. ಶಾಂತವ್ವನ ಬೆರಳಲ್ಲಿ ಅರ್ಧ ಸುಲಿದ ಎಸಳು ಹಾಗೇ ಇತ್ತು.

ಕೊನೆಯದನ್ನೂ ಓದಿ ಮುಗಿಸಿದೆ. ಕೈಯಲ್ಲಿದ್ದ ಎಸಳನ್ನು ಸುಲಿದು ಮುಗಿಸಿ ಶಾಂತವ್ವ ಕೇಳಿದರು:

"ಇಷ್ಟೂ ಮಂದಿ ಉಂಡು ಹೋಗೂಮುಂದ, ಒಬ್ಬರರೆ ಒಳಗ ಹಣಿಕಿ ಹಾಕಿ ಹೇಳಬಾರದಿತ್ತೇನ್ರಿ?"